ಒಲೆಗೆ ಒಗ್ಗುವ ಕಲ್ಲು

ರಜೆಯಲ್ಲಿ ತೋಟದೊಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದ್ದೀರಾ? ಹೊಳೆಯಿಂದ ಆಗಷ್ಟೇ ಎತ್ತಿ ತಂದ ಕಲ್ಲನ್ನು ಮಾತ್ರ ಇಡಬೇಡಿ. ಅದರ ಸಣ್ಣ ಸಣ್ಣ ಬಿರುಕುಗಳಲ್ಲಿ ನೀರು ಅಡಗಿ ಕೂತಿರುತ್ತದೆ. ನೀರು ಆವಿಯಾದರೆ ಅದಕ್ಕೆ ಸುಮಾರು 1600 ಪಟ್ಟು ಜಾಗ ಬೇಕು. ಕಲ್ಲಿನೊಳಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಢಂ! ಚೂರು ಸೀದಾ ಕಣ್ಣಿಗೇ ಹಾರಬಹುದು.

ಒಣಕಲ್ಲಾದರೆ ಚಿಂತೆಯಿಲ್ಲವೇ? ಹಾಗೂ ಹೇಳಲಾಗದು. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಚಳಿ ಕಾಯಿಸಲು ಗೋಡೆಯಲ್ಲೇ ಅಗ್ಗಿಷ್ಟಿಕೆ ಇರುತ್ತದೆ. ಸೌದೆ, ಕಲ್ಲಿದ್ದಲು ಉರಿಯುವ ಕಡೆ ನುಣುಪಾದ ಚಪ್ಪಡಿ ಹಾಸುತ್ತಾರೆ. ತಮಾಷೆ ನೋಡಿ, ಅಷ್ಟು ಚೆಂದದ ಗ್ರಾನೈಟನ್ನು ಕೆಲಸಗಾರರು ತಾವೇ ಮೊದಲು ಕೆಲವು ತುಂಡು ಮಾಡಿ, ಅಡಿಗೆ ಕಾಂಕ್ರೀಟು ತುಂಬಿ ಕೂರಿಸುತ್ತಾರೆ!

ಇಡಿಯಾಗಿ ಹಾಸಿದರೆ ಏನಾಗುತ್ತದೆ ಗೊತ್ತೇ? ಕೆಂಡದ ಕೆಳಗಿನ ಭಾಗ ಕಾದು ಹಿಗ್ಗುತ್ತದೆ. ಒಂದು ಮೊಳ ಆಚೆಯ ಅಂಚು ತಣ್ಣಗೆ ಕೂತು, ‘ನಾನು ಕದಲೆ’ ಅನ್ನುತ್ತದೆ. ಕಲ್ಲು ಒತ್ತಿದರೆ ತಾಳುತ್ತದೆ, ಎಳೆದರೆ ಸೋಲುತ್ತದೆ. ಈ ಎಳೆದಾಟಕ್ಕೇ ಚಪ್ಪಡಿ ಸೀಳುವುದು. ತುಂಡುಗಳಾದರೆ ಒಂದೊಂದಕ್ಕೂ ಹಿಗ್ಗಲು ಎಡೆ ಸಿಗುತ್ತದೆ. ಕೂರಿಸಿದ ಮೇಲೂ ಚೆನ್ನಾಗಿ ಒಣಗಲು ಬಿಟ್ಟು, ಮೊದಮೊದಲು ಸಣ್ಣ ಉರಿಯನ್ನೇ ಹಾಕುತ್ತಾರೆ. ಯಾಕೆಂದು ಹೊಳೆಕಲ್ಲನ್ನು ಕೇಳಿ!

ಗ್ರಾನೈಟಿನ ಒಳಗೇ ಇನ್ನೊಂದು ಜಗಳವಿದೆ. ಅದರ ಬಿಳಿ, ಬೂದು, ಕಪ್ಪು ಹರಳುಗಳು ಒಂದೇ ಸಮ ಹಿಗ್ಗುವುದಿಲ್ಲ. ಗಾಜಿನಂತೆ ಮಿಂಚುವ ಕ್ವಾರ್ಟ್ಜ್ ಅಂತೂ 573 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಥಟ್ಟನೆ ಉಬ್ಬುತ್ತದೆ.

ಕಲ್ಲಿನ ಈ ಮುಂಗೋಪವನ್ನು ನಮ್ಮ ಕಲ್ಲುಕುಟಿಗರು ಕೆಲಸಕ್ಕೆ ಹಚ್ಚಿದ್ದರು. ಬೆಂಗಳೂರಿನ ಸುತ್ತಮುತ್ತ ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಮೆಲ್ಲನೆ ಮುಂದೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಆಲಿಸುತ್ತ, ಮೇಲ್ಪದರವನ್ನು ದೋಸೆಯ ಹಾಗೆ ಎಬ್ಬಿಸುತ್ತಿದ್ದರು. ನನಗಂತೂ ಯಂತ್ರಕ್ಕಿಂತ ಇದೇ ಬೆರಗು.

ಹಾಗಾದರೆ ಬೆಂಕಿಗೆ ಜಗ್ಗದ ಕಲ್ಲು ಯಾವುದು? ಬಳಪದ ಕಲ್ಲು! ಹೌದು, ಸ್ಲೇಟಿನ ಮೇಲೆ ಗೀಚುವ ಬಳಪದ್ದೇ. ಬೇಲೂರು, ಹಳೇಬೀಡಿನ ಶಿಲ್ಪಗಳೂ ಅದರ ಬಳಗವೇ. ಮುಟ್ಟಿದರೆ ಮೆದು, ಆದರೆ ಶಾಖ ಅದರೊಳಗೆ ಬೇಗ ಹರಡುವುದರಿಂದ ಒಂದು ಕಡೆ ಸುಡುತ್ತ ಇನ್ನೊಂದು ಕಡೆ ತಣ್ಣಗಿರುವ ಪೇಚು ಕಡಿಮೆ. ಫಿನ್‌ಲೆಂಡಿನಲ್ಲಿ ಇಡೀ ಒಲೆಯನ್ನೇ ಅದರಲ್ಲಿ ಕಟ್ಟುತ್ತಾರೆ. ಬೆಂಕಿ ಆರಿದರೂ ರಾತ್ರಿಯಿಡೀ ಕೋಣೆ ಬೆಚ್ಚಗಿರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಅಜ್ಜಿಯ ಕಲ್ಚಟ್ಟಿಯಲ್ಲಿ ಹುಳಿ ಕೊತಕೊತ ಅನ್ನುತ್ತಿರುತ್ತದಲ್ಲ, ಆ ಕಲ್ಲೂ ಇದೇ.