ಬರಹ ಅದರದು, ಸಹಿ ನಿಮ್ಮದು



ನಿಮ್ಮಲ್ಲಿ ಕೆಲವರು ಲ್ಯಾಬ್ ಟೆಕ್ನಿಷಿಯನ್ ಆಗಲಿದ್ದೀರಿ. ರೋಗಿಗಳ ರಕ್ತ ಪರೀಕ್ಷಿಸುವ ಮೊದಲು, ಸಕ್ಕರೆಯ ಪ್ರಮಾಣ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಯಂತ್ರದಲ್ಲಿಟ್ಟು ನೋಡುತ್ತಾರೆ. ಅದರ ಸರಾಸರಿ 100, ಮಾನಕ ವಿಚಲನೆ 3 ಎಂದಿಟ್ಟುಕೊಳ್ಳಿ. ಇಂದು 110 ಬಂದರೆ ಮೂರು ವಿಚಲನೆಯ ಮಿತಿಯಾದ 109 ದಾಟಿತು. 1981ರ ವೆಸ್ಟ್‌ಗಾರ್ಡ್ ನಿಯಮಗಳಂತೆ ವರದಿ ತಡೆದು ಕಾರಣ ಹುಡುಕಬೇಕು.

ಈ ದಾಖಲೆಯನ್ನು ಈಗ ಕೃತಕ ಬುದ್ಧಿಮತ್ತೆಯಿಂದ ಬರೆಸಬಹುದು. ಅದು ಅಂದವಾಗಿ ಬರೆಯುತ್ತದೆ. ಆದರೆ ನೀವು ಕೊಡದ ಅಂಕಿಯನ್ನೂ ತುಂಬೀತು, ‘ಎಲ್ಲವೂ ಮಿತಿಯೊಳಗಿದೆ’ ಎಂದೂ ಬರೆದೀತು. ಆದ್ದರಿಂದ ಅಂಕಿ, ಸಮಯ, ಲಾಟ್ ಸಂಖ್ಯೆ, ಕೈಗೊಂಡ ಕ್ರಮ ನೀವೇ ಕೊಡಿ. ಮೂಲ ಅಂಕಿಯೊಂದಿಗೆ ತಾಳೆ ನೋಡಿಯೇ ಸಹಿ ಮಾಡಿ.

ಆ ವರದಿ ನಂಬಿ ವೈದ್ಯರು ಇನ್ಸುಲಿನ್ ಪ್ರಮಾಣ ನಿರ್ಧರಿಸುತ್ತಾರೆ. ಆ ನಂಬಿಕೆ ನಿಮ್ಮ ಕೈಗೊಪ್ಪಿಸಿದ ಅಮಾನತ್. ಅದನ್ನು ಕಾಪಾಡಿರಿ.