ಗೆಳೆತನದ ಖಾತೆ, ಅಂಗಡಿಯ ಖಾತೆ

ಎರಡು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ನಾನು ನಿವೃತ್ತನಾಗುವ ಮೊದಲು ಪಾಠ ಕೇಳಿದ ಕೊನೆಯ ತಂಡದವನು. ಎರಡು ವರ್ಷ ಬೆಂಗಳೂರಿನಲ್ಲಿ ದುಡಿದು, ಬೇಸತ್ತು, ಊರಿಗೆ ಮರಳಿದ್ದಾನೆ. ಗೆಳೆಯನೊಬ್ಬನ ಜೊತೆ ಸೇರಿ ಗಾಣದ ಎಣ್ಣೆಯ ಸಣ್ಣ ಉದ್ಯಮ ಆರಂಭಿಸಬೇಕೆಂಬುದು ಅವನ ಆಸೆ. ಶೇಂಗಾ, ಕುಸುಬೆ ನಮ್ಮ ಸೀಮೆಯ ಬೆಳೆಗಳೇ. ಶುದ್ಧ ಎಣ್ಣೆಗೆ ಗಿರಾಕಿಗಳೂ ಇದ್ದಾರೆ. ಯಂತ್ರದ ಬೆಲೆ, ಕಾಳಿನ ಧಾರಣೆ, ಬಾಡಿಗೆ, ವಿದ್ಯುತ್ತು, ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ನನ್ನಿಂದ ಅವನಿಗೆ ಬೇಕಾಗಿದ್ದುದು ಆಶೀರ್ವಾದ ಮತ್ತು ಅಂಗಡಿಗೊಂದು ಒಳ್ಳೆಯ ಕನ್ನಡ ಹೆಸರು.

ನಾನು ಒಂದೇ ಪ್ರಶ್ನೆ ಕೇಳಿದೆ: "ನಿಮ್ಮಿಬ್ಬರ ನಡುವೆ ಕರಾರು ಬರೆದುಕೊಂಡಿದ್ದೀರಾ?"

ಅವನು ನಕ್ಕ. "ಅವನು ನನ್ನ ಜೀವದ ಗೆಳೆಯ ಸರ್. ನಮ್ಮಿಬ್ಬರ ನಡುವೆ ಬರವಣಿಗೆ ಏತಕ್ಕೆ?"

ಇದೇ ಮಾತನ್ನು, ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ, ನಾನೂ ಆಡಿದ್ದೆ. ಅಂದು ಅವನಿಗೆ ಹೇಳಿದ ಕತೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

1982ರಲ್ಲಿ ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಊರಿಗೆ ಬಂದೆ. ಅಧ್ಯಾಪಕನ ಕೆಲಸಕ್ಕೆ ಅರ್ಜಿ ಹಾಕುವುದು, ಕಾಯುವುದು, ಮತ್ತೆ ಅರ್ಜಿ ಹಾಕುವುದು, ಇದಿಷ್ಟೇ ನನ್ನ ದಿನಚರಿ. ನನ್ನ ಗೆಳೆಯನೊಬ್ಬ ಪದವೀಧರನಾಗಿಯೂ ಹಾಗೆಯೇ ಕುಳಿತಿದ್ದ. 1983ರಲ್ಲಿ ಕೇಂದ್ರ ಸರಕಾರ ವಿದ್ಯಾವಂತ ನಿರುದ್ಯೋಗಿ ತರುಣರಿಗಾಗಿ ಸ್ವಯಂ ಉದ್ಯೋಗ ಯೋಜನೆಯೊಂದನ್ನು ತಂದಿತು. ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಅರ್ಜಿ. ಬ್ಯಾಂಕಿನಿಂದ 25,000 ರೂಪಾಯಿಯವರೆಗೆ ಸಾಲ. ನಾವಿಬ್ಬರೂ ಸೇರಿ ಮುದ್ರಣಾಲಯ ತೆರೆಯುವುದೆಂದು ನಿಶ್ಚಯಿಸಿದೆವು. ಕನ್ನಡ ಓದಿದವನಿಗೆ ಅಚ್ಚುಕೂಟಕ್ಕಿಂತ ಹತ್ತಿರದ ವ್ಯಾಪಾರ ಬೇರೆ ಯಾವುದಿದ್ದೀತು? 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇಂಥ ಹಿರಿಯರ ನೆನಪೇ ನಮಗೆ ಬಂಡವಾಳವೆಂದು ತೋರಿತ್ತು. ಅವರು ಪಟ್ಟ ಪಾಡು ಮಾತ್ರ ನಮ್ಮ ಲೆಕ್ಕದಲ್ಲಿ ಸೇರಿರಲಿಲ್ಲ.

ಸಾಲ ಗೆಳೆಯನ ಹೆಸರಿನಲ್ಲಿ ಆಯಿತು. ನಾನು ಉದ್ಯೋಗಕ್ಕೆ ಅರ್ಜಿ ಹಾಕುತ್ತಲೇ ಇದ್ದೆನಾದ್ದರಿಂದ ನನ್ನ ಹೆಸರು ಬೇಡವೆಂದೆ. ಅವನು ಎರಡನೆಯ ಮಾತಾಡಲಿಲ್ಲ. ಲಾಭ ನಷ್ಟ ಇಬ್ಬರಿಗೂ ಸಮಪಾಲು ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡೆವು. ಅವನು ಎರಡು ಕಾಲನ್ನೂ ಆ ದೋಣಿಯಲ್ಲಿ ಇಟ್ಟಿದ್ದ. ನನ್ನದು ಒಂದೇ ಕಾಲು.

1984ರ ಆರಂಭದಲ್ಲಿ ಪ್ರೆಸ್ಸು ನಡೆಯತೊಡಗಿತು. ಹಳೆಯದೊಂದು ಟ್ರೆಡಲ್ ಯಂತ್ರ, ಸೀಸದ ಮೊಳೆಗಳು, ಮರದ ಕೇಸುಗಳು. ಕನ್ನಡದ ಮೊಳೆ ಜೋಡಿಸುವುದು ಇಂಗ್ಲಿಷಿನಷ್ಟು ಸುಲಭವಲ್ಲ. ಕಾಗುಣಿತ, ಒತ್ತಕ್ಷರ ಎಂದು ನೂರಾರು ಮನೆಗಳಿರುವ ಕೇಸಿನ ಮುಂದೆ ನಿಂತು, ಅಕ್ಷರಗಳನ್ನು ಒಂದೊಂದಾಗಿ ಆರಿಸಿ, ತಲೆಕೆಳಗಾಗಿ ಸ್ಟಿಕ್ಕಿನಲ್ಲಿ ಕೂಡಿಸಬೇಕು. ಅಚ್ಚಾದ ಮೇಲೆ ಮತ್ತೆ ಬಿಚ್ಚಿ ಅವುಗಳ ಮನೆಗೆ ಸೇರಿಸಬೇಕು. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಓದಿದ ಸಂಯುಕ್ತಾಕ್ಷರಗಳ ನಿಜವಾದ ತೂಕ ನನಗೆ ತಿಳಿದದ್ದು ಅಲ್ಲಿ.

ಕೆಲಸಕ್ಕೆ ಕೊರತೆಯಿರಲಿಲ್ಲ. ಚೈತ್ರ ವೈಶಾಖಗಳಲ್ಲಿ ಲಗ್ನಪತ್ರಿಕೆಗಳು ಎಷ್ಟು ಬರುತ್ತಿದ್ದವೆಂದರೆ ರಾತ್ರಿಯೂ ಯಂತ್ರ ನಿಲ್ಲುತ್ತಿರಲಿಲ್ಲ. ಆದರೆ ಆಷಾಢ ಬಂದೊಡನೆ ಮದುವೆಗಳೂ ಇಲ್ಲ, ಪತ್ರಿಕೆಗಳೂ ಇಲ್ಲ. ಪಂಚಾಂಗದಲ್ಲಿ ಆಷಾಢ ಬರುತ್ತದೆಂಬುದು ನಮಗೆ ಗೊತ್ತಿತ್ತು. ಬ್ಯಾಂಕಿನ ಕಂತಿಗೆ ಆಷಾಢವಿಲ್ಲವೆಂಬುದು ಹೊಳೆದಿರಲಿಲ್ಲ. ವೈಶಾಖದಲ್ಲಿ ಬಂದ ಹಣವನ್ನು ಲಾಭವೆಂದು ಭಾವಿಸಿ ಖರ್ಚು ಮಾಡಿದೆವು. ಅದು ಲಾಭವಾಗಿರಲಿಲ್ಲ, ಮುಂದಿನ ನಾಲ್ಕು ತಿಂಗಳ ಬಾಡಿಗೆ ಮತ್ತು ಕಂತುಗಳು ಮೊದಲೇ ನಮ್ಮ ಕೈಗೆ ಬಂದಿದ್ದವು, ಅಷ್ಟೆ.

ಎರಡನೆಯ ಪೆಟ್ಟು ಉದ್ರಿಯದು. ಊರಿನವರೆಲ್ಲ ಪರಿಚಿತರು, ಮುಂಗಡ ಕೇಳಲು ನಾಲಿಗೆ ಏಳದು. 1984ರ ಡಿಸೆಂಬರಿನಲ್ಲಿ ಲೋಕಸಭೆಯ ಚುನಾವಣೆ, 1985ರ ಮಾರ್ಚಿನಲ್ಲಿ ವಿಧಾನಸಭೆಯದು. ಕರಪತ್ರಗಳ ಸುಗ್ಗಿಯೋ ಸುಗ್ಗಿ. ಕಾಗದವನ್ನು ನಾವು ರೊಕ್ಕ ಕೊಟ್ಟು ತಂದೆವು. ಕರಪತ್ರಗಳನ್ನು ಉದ್ರಿಯಲ್ಲಿ ಕೊಟ್ಟೆವು. ಎಣಿಕೆ ಮುಗಿದ ಮೇಲೆ ಸೋತವರು ಕೊಡಲಿಲ್ಲ, ಗೆದ್ದವರು ಸಿಗಲಿಲ್ಲ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿ ನನಗೆ ಬಾಯಿಪಾಠವಾಗಿತ್ತು. ಸಾಲ ತಂದವನ ಸಂಕಟವನ್ನಷ್ಟೇ ಅಲ್ಲಿ ಓದಿಕೊಂಡಿದ್ದೆ. ಸಾಲ ತಂದು ಅದನ್ನೇ ಮತ್ತೊಬ್ಬರಿಗೆ ಉದ್ರಿಯಾಗಿ ಕೊಟ್ಟವನ ಸಂಕಟವನ್ನು ನಾನೇ ಬರೆಯಬೇಕಾಯಿತು, ಅದೂ ಖಾತೆಯ ಪುಸ್ತಕದಲ್ಲಿ.

ಮೂರನೆಯ ತಪ್ಪು ಎಲ್ಲಕ್ಕಿಂತ ಸಣ್ಣದಾಗಿ ಕಾಣುವಂಥದು. ನಮ್ಮ ದುಡಿಮೆಗೆ ನಾವು ಕೂಲಿ ಹಿಡಿಯಲಿಲ್ಲ. ಒಂದು ನೂರು ಪತ್ರಿಕೆಗೆ ಕಾಗದ ಇಷ್ಟು, ಮಸಿ ಇಷ್ಟು ಎಂದು ಕೂಡಿಸಿ, ಮೇಲೆ ಸ್ವಲ್ಪ ಇಟ್ಟು ದರ ಹೇಳುತ್ತಿದ್ದೆವು. ಮೊಳೆ ಜೋಡಿಸಿದ ಎರಡು ತಾಸು, ಕರಡು ತಿದ್ದಿದ ಒಂದು ತಾಸು ಲೆಕ್ಕಕ್ಕೇ ಬರಲಿಲ್ಲ. ಮನೆಗೆ ಬೇಕಾದಾಗ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಿದ್ದೆವು. ಅದರಿಂದ ಅಂಗಡಿ ನಮ್ಮನ್ನು ಸಾಕುತ್ತಿದೆಯೋ, ನಾವು ಅಂಗಡಿಯನ್ನು ತಿನ್ನುತ್ತಿದ್ದೇವೆಯೋ ಎಂಬುದೇ ತಿಳಿಯದಾಯಿತು.

1986ರ ಜುಲೈ ತಿಂಗಳಿನಲ್ಲಿ ನನಗೆ ಬೇರೊಂದು ಊರಿನ ಕಾಲೇಜಿನಿಂದ ನೇಮಕದ ಪತ್ರ ಬಂದಿತು. ಆ ದಿನ ಬ್ಯಾಂಕಿಗೆ ಕೊಡಬೇಕಾದ ಹಣ ಬಡ್ಡಿ ಸೇರಿ 14,000 ರೂಪಾಯಿ. ನಾನು ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದೆ. ಗೆಳೆಯ ನಿಲ್ದಾಣಕ್ಕೆ ಬಂದಿದ್ದ. ಸಾಲದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಸಂಕೋಚದಿಂದ ಸುಮ್ಮನಿದ್ದ. ನಾನು ಅವನ ಸಂಕೋಚದ ಪ್ರಯೋಜನ ಪಡೆದುಕೊಂಡೆ.

ಮುಂದೆ ಅವನು ಒಬ್ಬನೇ ಪ್ರೆಸ್ಸು ನಡೆಸಿದ. ಅರ್ಧ ಹಣ ಮುಂಗಡ, ಉಳಿದರ್ಧ ಕೊಟ್ಟ ಮೇಲೆಯೇ ಮಾಲು ಎಂದು ಗೋಡೆಗೆ ಹಲಗೆ ತೂಗುಹಾಕಿದ. ಕೆಲವು ಗಿರಾಕಿಗಳು ಮುನಿಸಿಕೊಂಡು ಹೋದರು. ಉಳಿದವರು ಹಣ ಕೊಡುವವರೇ ಆಗಿದ್ದರು. ಆಷಾಢಕ್ಕೆಂದು ಶಾಲೆಗಳ ಪ್ರಶ್ನೆಪತ್ರಿಕೆ, ಸಹಕಾರ ಸಂಘಗಳ ರಸೀದಿ ಪುಸ್ತಕಗಳ ಕೆಲಸ ಹುಡುಕಿದ. ದಿನದ ಗಳಿಕೆಯಿಂದ ಒಂದಿಷ್ಟನ್ನು ಸಂಜೆ ಪಿಗ್ಮಿ ಸಂಗ್ರಾಹಕನ ಕೈಗೆ ಕೊಟ್ಟುಬಿಡುತ್ತಿದ್ದ. ಕರಾವಳಿಯಲ್ಲಿ 1925ರಲ್ಲಿ ಕೇವಲ 8,000 ರೂಪಾಯಿ ಬಂಡವಾಳದಿಂದ ಹುಟ್ಟಿದ ಬ್ಯಾಂಕೊಂದು 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಆರಂಭಿಸಿದ ಪದ್ಧತಿ ಅದು. ಕಂತಿನ ದಿನ ಬಂದಾಗ ಅವನ ಹಣ ಅಲ್ಲಿ ಸಿದ್ಧವಾಗಿರುತ್ತಿತ್ತು. ನಾಲ್ಕು ವರ್ಷಗಳಲ್ಲಿ ಸಾಲ ತೀರಿತು.

1991ರಲ್ಲಿ ನಾನು ಅವನ ಅಂಗಡಿಗೆ ಹೋದೆ. ಲಕೋಟೆಯಲ್ಲಿ ಹಣ ಇಟ್ಟುಕೊಂಡು ಹೋಗಿದ್ದೆ. ಅವನು ಬೇಡವೆನ್ನುತ್ತಾನೆ, ನಾನು ಒತ್ತಾಯಿಸುತ್ತೇನೆ, ಕೊನೆಗೆ ಇಬ್ಬರ ಕಣ್ಣೂ ತುಂಬುತ್ತವೆ ಎಂದು ದಾರಿಯುದ್ದಕ್ಕೂ ಕಲ್ಪಿಸಿಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅವನು ಕಪಾಟಿನಿಂದ ಹಳೆಯ ಖಾತೆ ತೆಗೆದ. 1986ರ ಜುಲೈ ತಿಂಗಳ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಲೆಕ್ಕವಿತ್ತು. ಸಾಲ 14,000. ಆಮೇಲೆ ವಸೂಲಾದ ಹಳೆಯ ಉದ್ರಿ 2,600. ಅವನಲ್ಲಿಯೇ ಉಳಿದ ಯಂತ್ರ ಮತ್ತು ಮೊಳೆಗಳ ಬೆಲೆ 6,400. ಇವೆರಡನ್ನೂ ಕಳೆದರೆ ನಷ್ಟ 5,000. ನನ್ನ ಪಾಲು 2,500. ಅಷ್ಟನ್ನೇ ಎಣಿಸಿಕೊಂಡ. ರಸೀದಿ ಬರೆದುಕೊಟ್ಟ.

"ಬಡ್ಡಿ?" ಎಂದೆ.

"ಅದು ಗೆಳೆತನದ ಖಾತೆಗೆ ಹೋಗಿದೆ. ಆ ಪುಸ್ತಕ ಇಲ್ಲಿಲ್ಲ" ಎಂದು ಹೇಳಿ ಚಹಾ ತರಿಸಿದ.

ಎರಡೂವರೆ ಸಾವಿರ ರೂಪಾಯಿ ಆಗಿನ ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆಯ ಹಣ. ಅದನ್ನು ಕೊಡಲು ಐದು ವರ್ಷ ತೆಗೆದುಕೊಂಡಿದ್ದೆ. ಎಷ್ಟು ಕೊಡಬೇಕೆಂಬುದನ್ನು ಬರೆದಿಡದೆ ಇದ್ದುದರಿಂದ ಆ ಮೊತ್ತ ನನ್ನ ಮನಸ್ಸಿನಲ್ಲಿ ಬೆಟ್ಟದಂತೆ ಬೆಳೆದಿತ್ತು. ಬೆಟ್ಟವನ್ನು ಕಂಡು ಊರಿಗೆ ಹೋಗುವುದನ್ನೇ ಬಿಟ್ಟಿದ್ದೆ. ಒಂದು ಹಾಳೆಯ ಕರಾರು ಇದ್ದಿದ್ದರೆ ಆ ಐದು ವರ್ಷಗಳ ಗೆಳೆತನ ನನಗೆ ಉಳಿಯುತ್ತಿತ್ತು.

1932ರ ಪಾಲುದಾರಿಕೆ ಕಾನೂನು ಬಾಯಿಮಾತಿನ ಪಾಲುದಾರಿಕೆಯನ್ನೂ ಒಪ್ಪುತ್ತದೆ. ಆದರೆ ಬೇರೆ ಕರಾರು ಇಲ್ಲದಿದ್ದಲ್ಲಿ ಲಾಭ ನಷ್ಟಗಳು ಸಮಪಾಲು. ಹೆಚ್ಚು ದುಡಿದವನು ಸಂಬಳ ಕೇಳುವಂತಿಲ್ಲ. ಬಿಟ್ಟುಹೋದ ಮಾತ್ರಕ್ಕೆ ಹಳೆಯ ಸಾಲದ ಹೊಣೆ ತಪ್ಪುವುದಿಲ್ಲ. ಆದುದರಿಂದ ಯಾರು ಎಷ್ಟು ಹಾಕಿದರು, ಯಾರು ಎಷ್ಟು ಹೊತ್ತು ದುಡಿಯಬೇಕು, ಒಬ್ಬನು ಬಿಟ್ಟುಹೋದರೆ ಲೆಕ್ಕ ಹೇಗೆ ಎಂಬುದನ್ನು ಪ್ರೀತಿಯಿರುವ ದಿನದಲ್ಲಿಯೇ ಬರೆದಿಡಬೇಕು. ಮನಸ್ಸು ಕೆಟ್ಟ ಮೇಲೆ ಬರೆಯಲು ಕುಳಿತರೆ ಅದು ತಕರಾರು ಅರ್ಜಿಯಾಗುತ್ತದೆ.

ಇಂದಿನ ತರುಣರಿಗೆ ಸಾಲದ ದಾರಿಗಳು ನಮ್ಮ ಕಾಲಕ್ಕಿಂತ ಹೆಚ್ಚು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಯವರೆಗಿನ ಸಾಲಕ್ಕೆ 'ಶಿಶು' ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯ ಹೆಸರು. ಶಿಶುವಿಗೆ ಹೊತ್ತುಹೊತ್ತಿಗೆ ಹಾಲೆರೆಯಬೇಕು. ರಾತ್ರಿ ಎದ್ದು ನೋಡಬೇಕು. ಮನಸ್ಸಿಲ್ಲವೆಂದು ನಡುವೆ ಬಿಟ್ಟು ಹೋಗುವಂತಿಲ್ಲ.

ನನ್ನ ವಿದ್ಯಾರ್ಥಿ ಇದನ್ನೆಲ್ಲ ಕೇಳಿ ಮೌನವಾಗಿ ಎದ್ದುಹೋದ. ಉತ್ಸಾಹ ಕುಂದಿಸಿದೆನೇನೋ ಎಂದು ನನಗೆ ಅಳುಕಾಯಿತು. ಹದಿನೈದು ದಿನಗಳ ಮೇಲೆ ಗೆಳೆಯನನ್ನೂ ಕರೆದುಕೊಂಡು ಬಂದ. ಕೈಯಲ್ಲಿ ಮೂರು ಪುಟದ ಕರಾರು ಪತ್ರವಿತ್ತು. ಅದನ್ನು ಬರೆಯುವಾಗ ಇಬ್ಬರಿಗೂ ಎರಡು ಬಾರಿ ಜಗಳವಾಯಿತಂತೆ.

ಅವರ ಅಂಗಡಿಗೆ ನಾನಿನ್ನೂ ಹೆಸರು ಹುಡುಕುತ್ತಿದ್ದೇನೆ. ಪ್ರೆಸ್ಸಿನ ಗೆಳೆಯನನ್ನೂ ಕೇಳಿದ್ದೇನೆ. ಹೆಸರು ನಿಧಾನವಾಗಿ ಇಡಲಿ, ಹಲಗೆಯ ಮೇಲೆ ಮೊದಲು 'ಉದ್ರಿ ಇಲ್ಲ' ಎಂದು ಬರೆಸಲಿ ಎಂದಿದ್ದಾನೆ.