ಒಂದು ‘ಚಾರ್ಜ್’, ಹಲವು ಹೊರೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲೇಖನರೂಪ)



ನಾನು ಭಾಷಾವಿಜ್ಞಾನಿಯಲ್ಲ, ಕೇಂದ್ರ ಸರ್ಕಾರದ ಕಡತಗಳ ನಡುವೆ ಸುಮಾರು ಮೂವತ್ತು ವರ್ಷಗಳನ್ನು ಕಳೆದವನು. ಆದುದರಿಂದ ಪಾಂಡಿತ್ಯದ ವಿಷಯವನ್ನು ಬಿಟ್ಟು, ದಿನಕ್ಕೆ ಹತ್ತು ಬಾರಿ ನಮ್ಮೆಲ್ಲರ ಬಾಯಲ್ಲಿ ಬರುವ ಒಂದು ಇಂಗ್ಲಿಷ್ ಪದವನ್ನು ಇಂದು ತಮ್ಮ ಮುಂದಿಡುತ್ತೇನೆ. ಆ ಪದ ‘ಚಾರ್ಜ್’.

ಇದರ ಬಗೆಗೆ ನಾನು ಯೋಚಿಸತೊಡಗಿದ್ದು ಒಂದು ಚಿಕ್ಕ ಪ್ರಸಂಗದಿಂದ. ಹಲವು ವರ್ಷಗಳ ಹಿಂದೆ ಪುಣೆಯಲ್ಲಿ ನಾನು ಕಿರಿಯ ಅಧಿಕಾರಿಯಾಗಿದ್ದಾಗ, ನಮ್ಮ ವಿಭಾಗದಲ್ಲಿ ವಿಜಯಪುರದ ಕಡೆಯ ಒಬ್ಬ ನೌಕರನಿದ್ದ. ಹೆಚ್ಚು ಓದಿದವನಲ್ಲ, ಆದರೆ ಬಹಳ ನಂಬಿಕಸ್ಥ. ಉಗ್ರಾಣದ ಮೇಲ್ವಿಚಾರಣೆಯನ್ನು ಅವನಿಗೇ ಒಪ್ಪಿಸಬೇಕೆಂದು ತೀರ್ಮಾನವಾಯಿತು. ‘ಚಾರ್ಜ್ ತೆಗೆದುಕೊಳ್ಳತಕ್ಕದ್ದು’ ಎಂಬ ಎರಡು ಸಾಲಿನ ಇಂಗ್ಲಿಷ್ ಜ್ಞಾಪನವೊಂದು ಅವನ ಕೈಸೇರಿತು. ಎರಡು ದಿನ ಅವನು ಯಾರೊಡನೆಯೂ ಮಾತನಾಡಲಿಲ್ಲ. ಮೂರನೆಯ ದಿನ ಸಂಜೆ ಹೆಂಡತಿಯೊಡನೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. “ಸಾಹೇಬ್ರ, ನಾ ಏನ್ ತಪ್ಪ ಮಾಡೀನ್ರಿ? ನೌಕರಿ ಹೋಗತೈತೇನ್ರಿ?” ಎಂದ. ಹಿಂದಿನ ತಿಂಗಳಷ್ಟೇ ಅವನ ಜೊತೆಯವನೊಬ್ಬನಿಗೆ ಚಾರ್ಜ್‌ಶೀಟ್ ಬಂದಿತ್ತು. ಅವನು ಬಲ್ಲ ‘ಚಾರ್ಜ್’ ಅದೊಂದೇ.

ನನಗೆ ಮೊದಲು ನಗು ಬಂತು. ಅನಂತರ ನಾಚಿಕೆಯಾಯಿತು. ಆ ಜ್ಞಾಪನಕ್ಕೆ ಸಹಿ ಮಾಡಿದವನು ನಾನೇ. ಅವನ ಮಾತೃಭಾಷೆ ನನ್ನ ಮಾತೃಭಾಷೆಯೇ ಆಗಿತ್ತು. ಕರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಹೇಳಿರಲಿಲ್ಲ.

ಈ ಪದದ ಹುಟ್ಟನ್ನು ನೋಡೋಣ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಎಂದರೆ ಬಂಡಿ. ಅದರಿಂದ ‘ಬಂಡಿಗೆ ಹೇರು’ ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂದಿತು. ನಾವು ಓಡಿಸುವ ‘ಕಾರು’, ಹಡಗಿನ ‘ಕಾರ್ಗೋ’ ಎಲ್ಲವೂ ಇದೇ ಮನೆತನದವು. ಅಂದರೆ ಮೂಲಾರ್ಥ ಒಂದೇ: ಹೊರೆ ಹೇರುವುದು. ಬಂದೂಕಿಗೆ ಮದ್ದು ತುಂಬಿದರೆ ಅದು ಚಾರ್ಜ್. ಮನುಷ್ಯನ ಮೇಲೆ ಕರ್ತವ್ಯ ಹೇರಿದರೆ ಚಾರ್ಜ್. ತಪ್ಪು ಹೊರಿಸಿದರೆ ಚಾರ್ಜ್. ಗಿರಾಕಿಯ ತಲೆಗೆ ವೆಚ್ಚ ಕಟ್ಟಿದರೂ ಚಾರ್ಜ್.

ವಿಜ್ಞಾನಕ್ಕೆ ಬನ್ನಿ. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತಿನ ಪ್ರಯೋಗಗಳನ್ನು ನಡೆಸುತ್ತಿದ್ದಾಗ, ಗಾಜಿನ ಜಾಡಿಯಲ್ಲಿ ವಿದ್ಯುತ್ತನ್ನು ತುಂಬುವುದಕ್ಕೆ ಇದೇ ಪದವನ್ನು ಬಳಸಿದರು; ಧನ, ಋಣ ಎಂಬ ಭೇದವೂ ಅವರಿಂದಲೇ ರೂಢಿಗೆ ಬಂದಿತು. ಇಂದು ಅದು ಭೌತವಿಜ್ಞಾನದ ಅತ್ಯಂತ ನಿಖರವಾದ ಪದಗಳಲ್ಲೊಂದು. 2019ರ ಮೇ 20ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಒಂದು ಪ್ರೋಟಾನಿನ ಚಾರ್ಜಿನ ಬೆಲೆಯನ್ನು 1.602176634 × 10⁻¹⁹ ಕೂಲಂಬ್ ಎಂದು ಶಾಶ್ವತವಾಗಿ ನಿಗದಿ ಮಾಡಲಾಗಿದೆ. ಕನ್ನಡದ ಪಠ್ಯಪುಸ್ತಕಗಳು ಇದನ್ನು ‘ವಿದ್ಯುದಾವೇಶ’ ಎನ್ನುತ್ತವೆ. ದೇವರು ಮೈದುಂಬಿದಾಗ ಬರುವ ಆವೇಶವೇ ಇಲ್ಲಿಯೂ ಇದೆ: ಒಳಹೊಕ್ಕು ತುಂಬಿಕೊಳ್ಳುವುದು. ಇಲ್ಲಿಯ ಮರಾಠಿ ಶಾಲೆಯ ಮಗು ಇದನ್ನೇ ‘ಪ್ರಭಾರ’ ಎಂದು ಓದುತ್ತದೆ. ಕನ್ನಡದಲ್ಲಿ ‘ಪ್ರಭಾರ’ ಎಂದರೆ ತಾತ್ಕಾಲಿಕವಾಗಿ ವಹಿಸಿಕೊಂಡ ಹುದ್ದೆ. ಎರಡೂ ಸಂಸ್ಕೃತದ ಪದಗಳೇ. ಆದರೆ ನೆರೆಯ ಎರಡು ಭಾಷೆಗಳು ಅವನ್ನು ಬೇರೆ ಬೇರೆ ಕೆಲಸಕ್ಕೆ ನೇಮಿಸಿವೆ. ಹೊರನಾಡಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಾಯಿತಂದೆಯರು ಈ ವ್ಯತ್ಯಾಸವನ್ನು ಗಮನಿಸಬೇಕು.

ಇನ್ನು ಸಂವಿಧಾನ. ಅದರ 112ನೆಯ ಅನುಚ್ಛೇದದ 3ನೆಯ ಖಂಡವು ಭಾರತದ ಸಂಚಿತ ನಿಧಿಯ ಮೇಲೆ ‘ಚಾರ್ಜ್’ ಆದ ವೆಚ್ಚಗಳನ್ನು ಪಟ್ಟಿ ಮಾಡುತ್ತದೆ: ರಾಷ್ಟ್ರಪತಿಗಳ ಉಪಲಬ್ಧಿಗಳು, ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರ ವೇತನ, ಮಹಾಲೇಖಪಾಲರ ವೇತನ, ಸರ್ಕಾರದ ಸಾಲದ ಬಡ್ಡಿ ಇತ್ಯಾದಿ. ಇವನ್ನು ಸಂಸತ್ತು ಚರ್ಚಿಸಬಹುದು, ಆದರೆ ಮತಕ್ಕೆ ಹಾಕುವಂತಿಲ್ಲವೆಂದು 113ನೆಯ ಅನುಚ್ಛೇದ ಹೇಳುತ್ತದೆ. ನ್ಯಾಯಾಧೀಶರಾಗಲಿ ಲೆಕ್ಕಪರಿಶೋಧಕರಾಗಲಿ ಆಳುವ ಪಕ್ಷದ ಬಹುಮತಕ್ಕೆ ಅಂಜದೆ ಕೆಲಸ ಮಾಡಲೆಂದೇ ಈ ಏರ್ಪಾಡು. ಸ್ವಾರಸ್ಯವೆಂದರೆ, ಇದೇ ಖಂಡದಲ್ಲಿ ಸಾಲದ ವೆಚ್ಚಗಳನ್ನು ಸೂಚಿಸಲೂ ‘ಚಾರ್ಜಸ್’ ಎಂದೇ ಬರೆದಿದ್ದಾರೆ. ಒಂದೇ ಖಂಡದಲ್ಲಿ ಒಂದೇ ಪದಕ್ಕೆ ಎರಡು ಅರ್ಥ! ಕನ್ನಡದ ಆಯವ್ಯಯ ಪತ್ರಗಳು ಮೊದಲನೆಯದನ್ನು ‘ಪ್ರಭೃತ’ ಎಂದು ಬೇರೆ ಮಾಡಿ ಗೊಂದಲವನ್ನು ತಪ್ಪಿಸಿವೆ.

ಊರಿನಲ್ಲಿ ಜಮೀನು ಉಳಿಸಿಕೊಂಡವರು ಇನ್ನೊಂದು ಚಾರ್ಜನ್ನು ಬಲ್ಲರು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೆಯ ಪ್ರಕರಣದ ಪ್ರಕಾರ, ಅಡಮಾನವಾಗದೆಯೂ ಸ್ಥಿರಾಸ್ತಿಯೊಂದು ಹಣ ಪಾವತಿಗೆ ಭದ್ರತೆಯಾಗಿ ನಿಂತರೆ ಅದು ಚಾರ್ಜ್. ನಾವು ಉಪನೋಂದಣಿ ಕಚೇರಿಯಿಂದ ಪಡೆಯುವ ‘ಋಣಭಾರ ಪ್ರಮಾಣಪತ್ರ’ದ ಹೆಸರಿನಲ್ಲಿಯೇ ಈ ಭಾರವಿದೆ. ಕೊಳ್ಳುವವನು ಭೂಮಿಯನ್ನಷ್ಟೇ ನೋಡಿ, ಅದರ ಮೇಲಿನ ಹೊರೆಯನ್ನು ನೋಡದೆ ಹೋದರೆ ಆಗುವ ಅನಾಹುತ ತಮಗೆ ತಿಳಿದದ್ದೇ.

ಪೊಲೀಸರ ಚಾರ್ಜು ಬೇರೆ, ನ್ಯಾಯಾಲಯದ ಚಾರ್ಜು ಬೇರೆ. ಪೊಲೀಸರದು ಲಾಠಿ ಪ್ರಹಾರ. ಪ್ರಭಾರಕ್ಕೂ ಪ್ರಹಾರಕ್ಕೂ ಒಂದೇ ಅಕ್ಷರದ ಅಂತರ. ಪ್ರಭಾರ ವಹಿಸಿಕೊಂಡ ಅಧಿಕಾರಿ ಅನಗತ್ಯವಾಗಿ ಪ್ರಹಾರ ಮಾಡಿಸಿದರೆ ಆರೋಪಕ್ಕೆ ಗುರಿಯಾಗುತ್ತಾನೆ. ಇಂಗ್ಲಿಷಿನಲ್ಲಿ ಈ ಮೂರೂ ಚಾರ್ಜೇ!

‘ಆರೋಪ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಅದರ ಅರ್ಥ ‘ಮೇಲೆ ಏರಿಸುವುದು’. ಹಗ್ಗದ ಮೇಲೆ ಹಾವನ್ನು ಕಾಣುವುದನ್ನು ವೇದಾಂತಿಗಳು ‘ಅಧ್ಯಾರೋಪ’ ಎಂದರು. ಅಂದರೆ ಆರೋಪ ಎಂಬ ಮಾತಿನಲ್ಲಿಯೇ ‘ಇದು ಹೊರಗಿನಿಂದ ಏರಿಸಿದ್ದು, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು’ ಎಂಬ ಎಚ್ಚರಿಕೆಯಿದೆ. ಕಾನೂನಿನ ಆಶಯವೂ ಅದೇ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಪೊಲೀಸರು ಸಲ್ಲಿಸುವುದು ತನಿಖೆಯ ವರದಿಯನ್ನು. ಅದನ್ನೇ ನಾವು ಚಾರ್ಜ್‌ಶೀಟ್ ಎನ್ನುತ್ತೇವೆ. ಆರೋಪವನ್ನು ವಿಧಿವತ್ತಾಗಿ ರೂಪಿಸುವುದು ನ್ಯಾಯಾಲಯ. ಆಧಾರ ಕಾಣದಿದ್ದರೆ ಆ ಹಂತದಲ್ಲಿಯೇ ‘ಡಿಸ್‌ಚಾರ್ಜ್’, ಅಂದರೆ ಹೊರೆ ಇಳಿಸುವುದು. ಆದರೆ ನಮ್ಮ ಸಮಾಜದಲ್ಲಿ ‘ಅವನಿಗೆ ಚಾರ್ಜ್‌ಶೀಟ್ ಆಗಿದೆ’ ಎಂದರೆ ಶಿಕ್ಷೆಯೇ ಆದಂತೆ! ಮಗಳ ಮದುವೆಯ ಮಾತುಕತೆ ನಿಂತುಹೋಗುತ್ತದೆ, ನೆರೆಯವರ ನಮಸ್ಕಾರ ತಪ್ಪಿಹೋಗುತ್ತದೆ. ಇಲಾಖಾ ವಿಚಾರಣೆಗಳಲ್ಲಿ ನಿರ್ದೋಷಿಗಳೆಂದು ಹೊರಬಂದವರೂ ಈ ನೋವನ್ನು ಉಂಡದ್ದನ್ನು ನಾನು ಕಂಡಿದ್ದೇನೆ.

ಈಗ ಬಾಗಿಲಲ್ಲಿ ನಿಂತ ಆ ನೌಕರನ ಬಳಿಗೆ ಮರಳೋಣ. ಅವನಿಗೆ ನಾನು ನಿಯಮಗಳನ್ನು ವಿವರಿಸಲಿಲ್ಲ. “ಇದು ತಪ್ಪು ಹೊರಿಸುವ ಕಾಗದ ಅಲ್ಲಪ್ಪಾ, ಹೊಣೆ ಹೊರಿಸುವ ಕಾಗದ” ಎಂದೆ. ಅವನ ಮುಖ ತಕ್ಷಣ ಅರಳಿತು. ಅವನ ಹೆಂಡತಿ ಅಳುತ್ತಲೇ ನಕ್ಕಳು.

ಆ ಮಾತು ನನ್ನ ಬಾಯಿಂದ ತಾನಾಗಿಯೇ ಬಂದಿತ್ತು. ಆಮೇಲೆ ಯೋಚಿಸಿದಾಗ ಹೊಳೆಯಿತು: ಇಂಗ್ಲಿಷಿನವರು ಬಂಡಿಯಿಂದ ಪಡೆದ ಅರ್ಥವನ್ನೇ ಕನ್ನಡಿಗರು ತಲೆಹೊರೆಯಿಂದ ಪಡೆದಿದ್ದಾರೆ. ಹೊಣೆ ಹೊರುತ್ತೇವೆ, ತಪ್ಪು ಹೊರಿಸುತ್ತೇವೆ, ಸಾಲ ಹೊರುತ್ತೇವೆ, ದೇವರಿಗೆ ಹರಕೆ ಹೊರುತ್ತೇವೆ, ತಾಯಿ ಒಂಬತ್ತು ತಿಂಗಳು ಹೊರುತ್ತಾಳೆ. ಆದರೆ ಒಂದು ಮುಖ್ಯ ಭೇದವಿದೆ. ಇಂಗ್ಲಿಷಿನ ಪದ ಹೊರೆಯನ್ನಷ್ಟೇ ಹೇಳಿ, ಅದರೊಳಗೆ ಏನಿದೆ ಎಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಕನ್ನಡ ಹೊರೆಯ ಹೆಸರನ್ನು ಹೇಳಿಯೇ ಹೊರಿಸುತ್ತದೆ. ಸಂದರ್ಭ ಬಲ್ಲ ವಿದ್ಯಾವಂತನಿಗೆ ಇಂಗ್ಲಿಷಿನ ರೀತಿ ಸಾಕು. ಸಂದರ್ಭ ತಿಳಿಯದೆ ಕಾಗದ ಹಿಡಿದು ನಿಂತವನಿಗೆ ಕನ್ನಡದ ರೀತಿಯೇ ದಿಕ್ಕು.

ನಾನು ಶುದ್ಧಿವಾದಿಯಲ್ಲ. ದೂರವಾಣಿಯನ್ನು ‘ಚಾರ್ಜ್’ಗೆ ಹಾಕುವುದನ್ನು ನಿಲ್ಲಿಸಿ ‘ಆವೇಶಕ್ಕೆ ಇಡಿ’ ಎಂದರೆ ಮನೆಮಂದಿ ನಗುತ್ತಾರೆ, ನಗಬೇಕಾದದ್ದೇ. ಯಂತ್ರಕ್ಕೆ ಚಾರ್ಜ್ ಇರಲಿ. ಆದರೆ ಮನುಷ್ಯನ ಮಾನ, ಹಣ, ಹಕ್ಕು ಇವುಗಳ ಮಾತು ಬಂದಲ್ಲಿ ಶುಲ್ಕವನ್ನು ಶುಲ್ಕವೆಂದೂ, ಪ್ರಭಾರವನ್ನು ಪ್ರಭಾರವೆಂದೂ, ಆರೋಪವನ್ನು ಆರೋಪವೆಂದೂ ಬೇರೆ ಬೇರೆಯಾಗಿ ಹೇಳುವ ಅಭ್ಯಾಸವನ್ನು ನಾವು ಉಳಿಸಿಕೊಳ್ಳಬೇಕು. ಹೊರನಾಡಿನಲ್ಲಿ ಕನ್ನಡ ಕ್ಷೀಣಿಸುವುದು ಒಮ್ಮೆಲೇ ಅಲ್ಲ. ಹತ್ತು ಪದಗಳ ಕೆಲಸವನ್ನು ಒಂದು ಪರಪದಕ್ಕೆ ಒಪ್ಪಿಸಿದಾಗಲೆಲ್ಲ ಅಷ್ಟಷ್ಟು ಕ್ಷೀಣಿಸುತ್ತದೆ.

ಈ ಸಭೆಯಲ್ಲಿ ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ, ಕಾರ್ಖಾನೆಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವವರು ಅನೇಕರಿದ್ದೀರಿ. ತಮ್ಮ ಕೈಕೆಳಗೂ ಯಾರೋ ಒಬ್ಬ ಕನ್ನಡಿಗ ಇದ್ದೇ ಇರುತ್ತಾನೆ. ಮುಂದಿನ ಬಾರಿ ಅವನ ಕೈಗೆ ಇಂಗ್ಲಿಷಿನ ಕಾಗದವೊಂದನ್ನು ಕೊಡುವಾಗ, ಅದರಲ್ಲಿ ಯಾವ ಹೊರೆಯಿದೆ ಎಂದು ಒಂದು ಮಾತು ಕನ್ನಡದಲ್ಲಿ ಹೇಳಿ ಕೊಡಿ. ಅಂದು ನಾನು ಮಾಡದೆ ಬಿಟ್ಟ ಕೆಲಸ ಅದು.